ನಾಡಿ ಹಿಡಿಯದೆ ನಾಡಿ ನೋಡುವ ಕಣ್ಣು

ರಾಣಿವಾಸದ ಹೆಂಗಸಿಗೆ ಕಾಯಿಲೆ. ಪರಪುರುಷ ಆಕೆಯನ್ನು ಮುಟ್ಟುವಂತಿಲ್ಲ, ಮುಖ ನೋಡುವಂತೆಯೂ ಇಲ್ಲ. ಆದ್ದರಿಂದ ಪರದೆಯ ಆಚೆ ಆಕೆಯ ಮಣಿಕಟ್ಟಿಗೆ ರೇಷ್ಮೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಈಚೆ ಕುಳಿತ ವೈದ್ಯನ ಕೈಗೆ ಕೊಡುವುದೆಂದು ಗೊತ್ತಾಯಿತು. ವೈದ್ಯನ ವಿದ್ಯೆಯನ್ನು ಪರೀಕ್ಷಿಸಲು ಯಾರೋ ಕಿಡಿಗೇಡಿಗಳು ದಾರವನ್ನು ಬೆಕ್ಕಿನ ಕಾಲಿಗೆ ಕಟ್ಟಿಬಿಟ್ಟರು. ಕಣ್ಣು ಮುಚ್ಚಿ ದಾರ ಹಿಡಿದ ವೈದ್ಯ ಸ್ವಲ್ಪ ಹೊತ್ತಿನ ಮೇಲೆ, ‘ಇವರಿಗೆ ಔಷಧ ಬೇಡ, ಒಂದು ಇಲಿ ಸಾಕು’ ಎಂದನಂತೆ.

ಇಂಥ ಕಥೆಗಳು ನಮ್ಮ ದೇಶದಲ್ಲಿ ಹಕೀಮರ ಹೆಸರಿನಲ್ಲಿಯೂ, ಚೀನಾದಲ್ಲಿ ಅಲ್ಲಿನ ಪ್ರಾಚೀನ ವೈದ್ಯರ ಹೆಸರಿನಲ್ಲಿಯೂ ಪ್ರಚಲಿತವಾಗಿವೆ. ದಾರದಲ್ಲಿ ನಾಡಿ ಹರಿದು ಬರುವುದು ಕಥೆಯಲ್ಲಿ ಮಾತ್ರ ಸಾಧ್ಯ. ಆದರೆ ಮುಟ್ಟದೆಯೇ ನಾಡಿ ತಿಳಿಯಬೇಕೆಂಬ ಆಸೆ ಬಹಳ ಹಳೆಯದು. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಅದು ಕೈಗೂಡಿತು. ಅದಕ್ಕೆ ದಾರದ ಹಂಗೂ ಬೇಕಾಗಲಿಲ್ಲ. ಒಂದು ಸಾಧಾರಣ ವಿಡಿಯೊ ಕ್ಯಾಮೆರಾ ಒಂದು ಮೀಟರಿಗೂ ಹೆಚ್ಚು ದೂರದಿಂದ ಮನುಷ್ಯನ ಮುಖವನ್ನು ಅರ್ಧ ನಿಮಿಷ ದಿಟ್ಟಿಸಿದರೆ ಸಾಕು, ಅವನ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಹೇಳಬಲ್ಲದು. ಉಸಿರಾಟದ ಲೆಕ್ಕವನ್ನೂ ಕೊಡಬಲ್ಲದು.

ಈ ವಿದ್ಯೆ ಆಕಾಶದಿಂದ ಉದುರಿದ್ದಲ್ಲ. ವೈದ್ಯನ ಕೈ ರೋಗಿಯ ಮೈಯಿಂದ ಹಂತಹಂತವಾಗಿ ದೂರ ಸರಿದ ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಇದು ಇತ್ತೀಚಿನ ಹೆಜ್ಜೆ. ಪ್ರತಿ ಹೆಜ್ಜೆಯಲ್ಲಿಯೂ ರೋಗಿಗೆ ಏನೋ ಸಿಕ್ಕಿತು. ಈ ಹೆಜ್ಜೆಯಲ್ಲಿ ಅವನ ಕೈಯಿಂದ ಒಂದು ಮುಖ್ಯ ವಸ್ತು ಜಾರಿಹೋಗುವ ಸಾಧ್ಯತೆಯೂ ಇದೆ.

ಮೂರು ಬೆರಳಿನ ಶಾಸ್ತ್ರ

ನಾಡಿಯನ್ನು ಕಾಲದ ಅಳತೆಯಲ್ಲಿ ಎಣಿಸಲು ಪ್ರಯತ್ನಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಕ್ರಿಸ್ತಪೂರ್ವ ಮೂರನೇ ಶತಮಾನದ ಹೆರೊಫಿಲಸ್. ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಈ ಗ್ರೀಕ್ ವೈದ್ಯ ಒಂದು ಸಣ್ಣ ನೀರಿನ ಗಡಿಯಾರವನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯುತ್ತಿದ್ದನೆಂದು ಪ್ರಾಚೀನ ಬರಹಗಳು ಹೇಳುತ್ತವೆ.

ಭಾರತದಲ್ಲಿ ಚರಕ, ಸುಶ್ರುತರ ಗ್ರಂಥಗಳಲ್ಲಿ ನಾಡಿ ಪರೀಕ್ಷೆಯ ವಿವರವಾದ ಕ್ರಮ ಕಾಣುವುದಿಲ್ಲ. ಅದು ಸ್ಪಷ್ಟ ರೂಪದಲ್ಲಿ ಬರುವುದು ಹದಿಮೂರು-ಹದಿನಾಲ್ಕನೇ ಶತಮಾನದ್ದೆನ್ನಲಾದ ಶಾರ್ಙ್ಗಧರ ಸಂಹಿತೆಯಲ್ಲಿ. ಹೆಬ್ಬೆರಳಿನ ಬುಡದಲ್ಲಿ ಮಿಡಿಯುವ ನಾಡಿಯನ್ನು ಆ ಗ್ರಂಥ ಪ್ರಾಣಿಪಕ್ಷಿಗಳ ನಡಿಗೆಗೆ ಹೋಲಿಸಿ ಹೇಳುತ್ತದೆ. ವಾತದ ನಾಡಿ ಹಾವು, ಜಿಗಣೆಗಳಂತೆ. ಪಿತ್ತದ ನಾಡಿ ಕಾಗೆ, ಕಪ್ಪೆಗಳಂತೆ. ಕಫದ ನಾಡಿ ಹಂಸ, ಪಾರಿವಾಳಗಳಂತೆ. ಇಲ್ಲಿ ಎಣಿಕೆಗಿಂತ ನಡೆ ಮುಖ್ಯ. ಅದನ್ನು ಅರಿಯಲು ಪಳಗಿದ ಮೂರು ಬೆರಳುಗಳೇ ಬೇಕು. ‘ಕೈಗುಣ’ ಎಂಬ ಮಾತು ನಮ್ಮ ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಸುಮ್ಮನೆ ಅಲ್ಲ.

ಯುರೋಪಿನಲ್ಲಿ ಹದಿನೇಳನೇ ಶತಮಾನದ ಆರಂಭದಲ್ಲಿ ಇಟಲಿಯ ಸಾಂಟೋರಿಯೊ ಎಂಬ ವೈದ್ಯ ನಾಡಿಯ ವೇಗವನ್ನು ಲೋಲಕದಿಂದ ಅಳೆದ. ಲೋಲಕದ ತೂಗಾಟ ನಾಡಿಗೆ ಹೊಂದುವವರೆಗೆ ದಾರವನ್ನು ಉದ್ದ ಗಿಡ್ಡ ಮಾಡುವುದು, ಆ ದಾರದ ಉದ್ದವನ್ನೇ ನಾಡಿಯ ಅಳತೆಯೆಂದು ಬರೆದುಕೊಳ್ಳುವುದು ಅವನ ಕ್ರಮ. ಕಥೆಯ ದಾರ ಹೀಗೆ ಬೇರೊಂದು ರೂಪದಲ್ಲಿ ನಿಜವಾಯಿತೆನ್ನಬಹುದು! ಇಂಗ್ಲೆಂಡಿನ ಜಾನ್ ಫ್ಲಾಯರ್ 1707ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸರಿಯಾಗಿ ಒಂದು ನಿಮಿಷ ಓಡುವ ನಾಡಿ ಗಡಿಯಾರವನ್ನು ವಿವರಿಸಿದ. ‘ನಿಮಿಷಕ್ಕೆ ಇಷ್ಟು’ ಎಂದು ನಾವು ಇಂದು ಹೇಳುವ ಲೆಕ್ಕ ವೈದ್ಯಕೀಯದಲ್ಲಿ ನೆಲೆಯೂರಲು ಇಂಥ ಗಡಿಯಾರಗಳು ಕಾರಣ. ಎಣಿಸಲು ಯಂತ್ರ ಬಂದರೂ ವೈದ್ಯನ ಬೆರಳು ಮಾತ್ರ ಇನ್ನೂ ರೋಗಿಯ ಮಣಿಕಟ್ಟಿನ ಮೇಲೆಯೇ ಇತ್ತು.

ಸುರುಳಿ ಸುತ್ತಿದ ಕಾಗದ

ಕೈ ಮೊದಲ ಬಾರಿ ದೂರ ಸರಿದದ್ದು ಸಂಕೋಚದಿಂದ. 1816ರಲ್ಲಿ ಪ್ಯಾರಿಸಿನ ನೆಕೆರ್ ಆಸ್ಪತ್ರೆಯ ವೈದ್ಯ ರೆನೆ ಲೆನೆಕ್ ಅವರ ಬಳಿಗೆ ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಬಂದಳು. ಎದೆಗೆ ಕಿವಿಯಿಟ್ಟು ಕೇಳುವುದು ಅಂದಿನ ಪದ್ಧತಿ. ಆಕೆಯ ವಯಸ್ಸನ್ನು ನೋಡಿ ವೈದ್ಯರು ಹಿಂಜರಿದರು. ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟರು. ಬರಿಗಿವಿಗಿಂತ ಸ್ಪಷ್ಟವಾಗಿ ಹೃದಯದ ಸದ್ದು ಕೇಳಿಸಿತು. ಸ್ಟೆತೊಸ್ಕೋಪ್ ಹುಟ್ಟಿದ್ದು ಹೀಗೆ. ಒಂದು ಅಡಿ ಅಂತರದಲ್ಲಿ ಮರ್ಯಾದೆಯೂ ಉಳಿಯಿತು, ಜ್ಞಾನವೂ ಹೆಚ್ಚಿತು.

ಮುಂದಿನ ಅಂತರ ತಂತಿಯದು. ನೆದರ್ಲೆಂಡ್ಸಿನ ವಿಲೆಮ್ ಐಂಥೋವನ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಹೃದಯದ ವಿದ್ಯುತ್ ಸಂಕೇತವನ್ನು ದಾಖಲಿಸುವ ಇಸಿಜಿ ಯಂತ್ರವನ್ನು ರೂಪಿಸಿದರು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಾಗಿತ್ತು. ಯಂತ್ರವೋ ಆಸ್ಪತ್ರೆಗೆ ಸಾಗಿಸಲಾಗದಷ್ಟು ಭಾರ. 1905ರಲ್ಲಿ ಐಂಥೋವನ್ ಲೈಡನ್ ನಗರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯ ಸಂಕೇತವನ್ನು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತುತ್ತಿದ್ದಾಗ ಆತನ ನಾಡಿ ಮತ್ತು ಉಸಿರಾಟದ ಸಂಕೇತಗಳು ರೇಡಿಯೊ ಮೂಲಕ ನೆಲಕ್ಕೆ ಇಳಿದು ಬಂದವು.

ಎಷ್ಟೇ ದೂರವಾದರೂ ಒಂದು ನಿಯಮ ಮಾತ್ರ ಬದಲಾಗಿರಲಿಲ್ಲ. ತಂತಿಯ ಒಂದು ತುದಿ ಮೈಗೆ ಅಂಟಿಕೊಂಡೇ ಇರಬೇಕಾಗಿತ್ತು. ಗಗಾರಿನ್ ಎದೆಯ ಮೇಲೂ ಸಂವೇದಕಗಳಿದ್ದವು.

ಬೆಳಕು ಕಂಡ ರಕ್ತ

ಆ ನಿಯಮ ಮುರಿಯಲು ಬೆಳಕು ಬರಬೇಕಾಯಿತು. ಕತ್ತಲೆಯಲ್ಲಿ ಟಾರ್ಚಿನ ಬಾಯಿಗೆ ಅಂಗೈ ಒತ್ತಿ ಹಿಡಿದು, ಬೆರಳುಗಳು ಕೆಂಪಗೆ ಹೊಳೆಯುವುದನ್ನು ನೋಡಿ ಖುಷಿಪಡದ ಮಕ್ಕಳಿಲ್ಲ. ಆ ಹೊಳಪಿನಲ್ಲಿ ಒಂದು ಸೂಕ್ಷ್ಮ ಏರಿಳಿತವಿದೆ. ಹೃದಯ ಒಮ್ಮೆ ಬಡಿದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಿಗೆ ಹೆಚ್ಚು ರಕ್ತ ನುಗ್ಗುತ್ತದೆ. ರಕ್ತ ಹೆಚ್ಚಾದಷ್ಟೂ ಅದು ಹೆಚ್ಚು ಬೆಳಕನ್ನು ಹೀರಿಕೊಳ್ಳುತ್ತದೆ. ಮುಂದಿನ ಕ್ಷಣ ರಕ್ತ ಹಿಂಜರಿದಾಗ ಹೊಳಪು ಮತ್ತೆ ಮರಳುತ್ತದೆ.

ಅಮೆರಿಕದ ಸೇಂಟ್ ಲೂಯಿ ನಗರದ ಆಲ್ರಿಕ್ ಹರ್ಟ್ಜ್‌ಮನ್ 1937-38ರಲ್ಲಿ ಈ ಏರಿಳಿತವನ್ನು ದೀಪ ಮತ್ತು ದ್ಯುತಿಕೋಶದಿಂದ ದಾಖಲಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಎತ್ತರದಲ್ಲಿ ಹಾರುವ ವಿಮಾನ ಚಾಲಕರು ಆಮ್ಲಜನಕ ಸಾಲದೆ ಎಚ್ಚರ ತಪ್ಪುತ್ತಿದ್ದುದರಿಂದ, ಗ್ಲೆನ್ ಮಿಲಿಕನ್ ಕಿವಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ರೂಪಿಸಿದರು. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1974ರಲ್ಲಿ ನಾಡಿಯ ಏರಿಳಿತವನ್ನೇ ಬಳಸಿಕೊಂಡು ರಕ್ತದ ಆಮ್ಲಜನಕವನ್ನು ಅಳೆಯುವ ವಿಧಾನವನ್ನು ಜಗತ್ತಿಗೆ ಕೊಟ್ಟರು. ಅದೇ ಪಲ್ಸ್ ಆಕ್ಸಿಮೀಟರ್. ಕೋವಿಡ್ ಪಿಡುಗಿನ ಕಾಲದಲ್ಲಿ ಮನೆಮನೆಯ ಮೇಜಿನ ಮೇಲೆ ಬಂದು ಕುಳಿತ, ಬೆರಳಿಗೆ ಸಿಕ್ಕಿಸುವ ಪುಟ್ಟ ಸಾಧನ ಅದರ ವಂಶದ್ದೇ. ಅವೊಯಾಗಿ ತೀರಿಕೊಂಡದ್ದೂ ಆ ಪಿಡುಗಿನ ನಡುವೆಯೇ, 2020ರ ಏಪ್ರಿಲ್‌ನಲ್ಲಿ.

ಮೀಟರು ದೂರದ ಕ್ಯಾಮೆರಾ

ಬೆರಳಿಗೆ ಸಿಕ್ಕಿಸಿದ ದೀಪ ಕಾಣುವುದನ್ನು ದೂರದ ಕ್ಯಾಮೆರಾ ಯಾಕೆ ಕಾಣಬಾರದು? ಜರ್ಮನಿ, ನೆದರ್ಲೆಂಡ್ಸ್, ಜಪಾನುಗಳ ಸಂಶೋಧಕರು 2000ದಿಂದೀಚೆಗೆ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ಎಲ್ಲರ ಗಮನ ಸೆಳೆದ ಉತ್ತರ ಬಂದದ್ದು 2008ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿದ್ದ ವಿಮ್ ವರ್ಕ್ರೂಸೆ ಮತ್ತು ಸಂಗಡಿಗರು ಅಂಗಡಿಯಲ್ಲಿ ಸಿಗುವ ಡಿಜಿಟಲ್ ಕ್ಯಾಮೆರಾವನ್ನು ಒಂದು ಮೀಟರಿಗೂ ಹೆಚ್ಚು ದೂರದಲ್ಲಿಟ್ಟು ಮುಖಗಳನ್ನು ಚಿತ್ರೀಕರಿಸಿದರು. ವಿಶೇಷ ದೀಪವಿಲ್ಲ, ಲೇಸರ್ ಇಲ್ಲ, ಕೋಣೆಯಲ್ಲಿದ್ದ ಬೆಳಕೇ ಸಾಕಾಯಿತು. ಆ ಚಿತ್ರಗಳಿಂದ ಹೃದಯ ಬಡಿತವನ್ನೂ ಉಸಿರಾಟವನ್ನೂ ಲೆಕ್ಕ ಹಾಕಿ ತೋರಿಸಿದರು. ಚರ್ಮದ ಮೇಲಿನ ಹುಟ್ಟು ಕೆಂಪು ಮಚ್ಚೆಗಳನ್ನು ಅಧ್ಯಯನ ಮಾಡಲೂ ಇದು ನೆರವಾದೀತೆಂಬುದು ಅವರು ಸೂಚಿಸಿದ ಉಪಯೋಗಗಳಲ್ಲಿ ಒಂದು.

ಕ್ಯಾಮೆರಾ ಚಿತ್ರ ಲಕ್ಷಾಂತರ ಬಿಂದುಗಳ ಮೊತ್ತ. ಪ್ರತಿ ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಸಾಮಾನ್ಯವಾಗಿ 256 ಮೆಟ್ಟಿಲುಗಳಲ್ಲಿ ಗುರುತಿಸಲಾಗುತ್ತದೆ. ನಾಡಿ ಮಿಡಿದಾಗ ಮುಖದ ಬಣ್ಣದಲ್ಲಾಗುವ ವ್ಯತ್ಯಾಸ ಹಲವು ವೇಳೆ ಇಂಥ ಒಂದು ಮೆಟ್ಟಿಲಿನಷ್ಟೂ ಇರುವುದಿಲ್ಲ. ಬರಿಗಣ್ಣಿಗೆ ಅದು ಕಾಣುವ ಮಾತೇ ಇಲ್ಲ. ಹಣೆ ಅಥವಾ ಕೆನ್ನೆಯ ಸಾವಿರಾರು ಬಿಂದುಗಳ ಸರಾಸರಿ ತೆಗೆದಾಗ ಮಾತ್ರ ಅಡ್ಡಾದಿಡ್ಡಿ ಗದ್ದಲ ಪರಸ್ಪರ ಕರಗಿ, ಎಲ್ಲ ಬಿಂದುಗಳಿಗೂ ಸಮಾನವಾದ ಆ ಮಿಡಿತ ಉಳಿಯುತ್ತದೆ. ಸಂತೆಯ ಗಲಾಟೆಯಲ್ಲಿ ಒಬ್ಬನ ಮಾತು ಕೇಳದಿದ್ದರೂ ನೂರು ಮಂದಿ ಒಟ್ಟಿಗೆ ಹಾಕುವ ತಾಳ ಕೇಳುವಂತೆ. ಮೂರು ಬಣ್ಣಗಳಲ್ಲಿ ನಾಡಿ ಎದ್ದು ಕಾಣುವುದು ಹಸಿರಿನಲ್ಲಿ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ನಿಮಿಷಕ್ಕೆ 72 ಬಡಿತವೆಂದರೆ ಸೆಕೆಂಡಿಗೆ 1.2 ಬಡಿತ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಅದನ್ನು ಹಿಡಿಯುವುದು ಕಷ್ಟವಲ್ಲ.

2010ರಲ್ಲಿ ಅಮೆರಿಕದ ಎಂಐಟಿಯ ಮಿಂಗ್-ಜೆರ್ ಪೋ, ಡೇನಿಯಲ್ ಮ್ಯಾಕ್‌ಡಫ್, ರೊಸಲಿಂಡ್ ಪಿಕಾರ್ಡ್ ಅವರು ಲ್ಯಾಪ್‌ಟಾಪಿನ ಕ್ಯಾಮೆರಾದಿಂದಲೇ 12 ಮಂದಿಯ ನಾಡಿಯನ್ನು ಅಳೆದರು. ಒಂದೇ ಚಿತ್ರದಲ್ಲಿ ಹಲವರಿದ್ದರೂ ಪ್ರತಿಯೊಬ್ಬರ ನಾಡಿಯನ್ನು ಬೇರೆ ಬೇರೆಯಾಗಿ ತಿಳಿಯಬಹುದೆಂದು ತೋರಿಸಿದರು. 2012ರಲ್ಲಿ ಅದೇ ಸಂಸ್ಥೆಯ ಮತ್ತೊಂದು ತಂಡ ಈ ಸೂಕ್ಷ್ಮ ಬದಲಾವಣೆಯನ್ನು ಹಿಗ್ಗಿಸಿ ಕಣ್ಣಿಗೇ ಕಾಣಿಸಿತು. ಅವರ ವಿಡಿಯೊದಲ್ಲಿ ಮನುಷ್ಯನ ಮುಖ ಪ್ರತಿ ಬಡಿತಕ್ಕೂ ಒಮ್ಮೆ ಕೆಂಪೇರಿ ಮತ್ತೊಮ್ಮೆ ಬಿಳಿಚಿಕೊಳ್ಳುತ್ತದೆ. ಎಲ್ಲರ ಮುಖವೂ ಸದಾ ಹೀಗೆ ಮಿನುಗುತ್ತಲೇ ಇರುತ್ತದೆ ಎಂಬುದು ಆಗ ಜನಸಾಮಾನ್ಯರಿಗೆ ಗೊತ್ತಾಯಿತು.

ಅಂಟುಪಟ್ಟಿಯಿಲ್ಲದ ತೊಟ್ಟಿಲು

ಗಟ್ಟಿಮುಟ್ಟಾದ ಮನುಷ್ಯನ ಮಣಿಕಟ್ಟು ಹಿಡಿದರೆ ನಷ್ಟವೇನೂ ಇಲ್ಲ. ಹಾಗಾದರೆ ಈ ಸಾಹಸ ಯಾರಿಗಾಗಿ? ಇದಕ್ಕೆ ಸ್ಪಷ್ಟ ಉತ್ತರ ಸಿಗುವುದು ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಅಂಥ ಶಿಶುವಿನ ಚರ್ಮ ಇನ್ನೂ ಬಲಿತಿರುವುದಿಲ್ಲ. ಹೃದಯ ಬಡಿತಕ್ಕೆ, ಉಸಿರಿಗೆ, ಆಮ್ಲಜನಕಕ್ಕೆಂದು ಮೈಮೇಲೆ ಅಂಟಿಸಿದ ಪಟ್ಟಿಗಳನ್ನು ಬದಲಿಸುವಾಗ ಚರ್ಮವೇ ಕಿತ್ತು ಬರುವ ಅಪಾಯವಿದೆ. ಗಾಯದಿಂದ ಸೋಂಕು ತಗಲಬಹುದು. ತಂತಿಗಳ ಜಾಲದಿಂದಾಗಿ ತಾಯಿ ಮಗುವನ್ನು ಎದೆಗವಚಿಕೊಳ್ಳುವುದೂ ಕಷ್ಟ. ಆದರೆ ಇಂಥ ಶಿಶುಗಳ ಉಸಿರು ಇದ್ದಕ್ಕಿದ್ದಂತೆ ನಿಲ್ಲಬಹುದಾದ್ದರಿಂದ ಕಣ್ಗಾವಲು ತಪ್ಪಿಸುವಂತೆಯೂ ಇಲ್ಲ.

ಆಕ್ಸ್‌ಫರ್ಡಿನ ಲಯೊನೆಲ್ ತರಸೆಂಕೊ ಅವರ ತಂಡ ಮೊದಲು ಡಯಾಲಿಸಿಸ್ ರೋಗಿಗಳ ಮೇಲೂ, ನಂತರ ಜಾನ್ ರಾಡ್‌ಕ್ಲಿಫ್ ಆಸ್ಪತ್ರೆಯ ಶಿಶುಗಳ ಮೇಲೂ ಕ್ಯಾಮೆರಾ ಪ್ರಯೋಗ ನಡೆಸಿತು. ವಿದ್ಯುತ್ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುವುದರಿಂದ ಕ್ಯಾಮೆರಾ ಅದನ್ನೇ ನಾಡಿಯೆಂದು ಭ್ರಮಿಸುವ ತೊಂದರೆಯಿತ್ತು. ಮುಖದ ಬೆಳಕನ್ನು ಹಿನ್ನೆಲೆಯ ಬೆಳಕಿನೊಂದಿಗೆ ಹೋಲಿಸಿ, ದೀಪದ ಪಾಲನ್ನು ಕಳೆಯುವ ಉಪಾಯವನ್ನು ತಂಡ 2014ರಲ್ಲಿ ಪ್ರಕಟಿಸಿತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ಶಿಶುಗಳನ್ನು ಒಟ್ಟು 400ಕ್ಕೂ ಹೆಚ್ಚು ಗಂಟೆ ಕಾಲ ಕ್ಯಾಮೆರಾ ಗಮನಿಸಿತ್ತು. ಮಗು ಹೊರಳಿದಾಗ, ದಾದಿ ಆರೈಕೆಗೆ ಬಾಗಿದಾಗ, ದೀಪ ಆರಿದಾಗ ಕ್ಯಾಮೆರಾಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ತಂತಿಗಳನ್ನು ಪೂರ್ತಿ ಕಿತ್ತೊಗೆಯುವ ದಿನ ಇನ್ನೂ ಬಂದಿಲ್ಲ.

ಭಾರತದ ಮಟ್ಟಿಗೆ ಈ ವಿಷಯ ದೂರದ್ದಲ್ಲ. 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮೊದಲೇ ಹುಟ್ಟಿದ ಸುಮಾರು 1.34 ಕೋಟಿ ಶಿಶುಗಳಲ್ಲಿ 30 ಲಕ್ಷ ಶಿಶುಗಳು ಭಾರತದವು. ಬೇರಾವ ದೇಶದಲ್ಲಿಯೂ ಈ ಸಂಖ್ಯೆ ಇಷ್ಟಿಲ್ಲ.

ಚರ್ಮದ ಬಣ್ಣದ ಪ್ರಶ್ನೆ

ಇಲ್ಲಿಯೇ ಒಂದು ತೊಡಕಿದೆ. ಕ್ಯಾಮೆರಾ ನೋಡುವುದು ಚರ್ಮದಿಂದ ಮರಳುವ ಬೆಳಕನ್ನು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರಿಕೊಳ್ಳುತ್ತದೆ. ಮೈಬಣ್ಣ ಕಪ್ಪಾದಷ್ಟೂ ರಕ್ತದವರೆಗೆ ಹೋಗಿ ಮರಳುವ ಬೆಳಕು ಕಡಿಮೆ, ಸಿಗುವ ಸಂಕೇತವೂ ಕ್ಷೀಣ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಮಯಾಂಕ್ ಕುಮಾರ್, ಅಶೋಕ್ ವೀರರಾಘವನ್, ಅಶುತೋಷ್ ಸಭರ್‌ವಾಲ್ ಅವರು 2015ರಲ್ಲಿ ಈ ತೊಡಕನ್ನೇ ಮುಖ್ಯವಾಗಿ ಎತ್ತಿಕೊಂಡರು. ಮುಖದ ಎಲ್ಲ ಭಾಗಗಳೂ ಸಮಾನವಾಗಿ ಮಿನುಗುವುದಿಲ್ಲ. ಎಲ್ಲಿ ಸಂಕೇತ ಬಲವಾಗಿದೆಯೋ ಆ ಭಾಗಕ್ಕೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಟ್ಟರೆ ಕಪ್ಪು ಚರ್ಮದವರಲ್ಲಿಯೂ ಫಲಿತಾಂಶ ಸುಧಾರಿಸುತ್ತದೆ ಎಂದು ಅವರು ತೋರಿಸಿಕೊಟ್ಟರು. ಆದರೂ 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಅತ್ಯಂತ ಕಪ್ಪು ಬಣ್ಣದವರಲ್ಲಿ ಕ್ಯಾಮೆರಾ ವಿಧಾನಗಳು ಹಿಂದೆ ಬೀಳುವುದು ಸ್ಪಷ್ಟವಾಯಿತು.

ಇದನ್ನು ಸಣ್ಣ ದೋಷವೆಂದು ತಳ್ಳಿಹಾಕುವಂತಿಲ್ಲ. ಬೆರಳಿನ ಆಕ್ಸಿಮೀಟರ್ ಕಲಿಸಿದ ಪಾಠ ಕಣ್ಣೆದುರಿಗಿದೆ. ಉಪಕರಣ ಶೇ 92ರಿಂದ 96ರಷ್ಟು ಆಮ್ಲಜನಕವಿದೆಯೆಂದು ತೋರಿಸಿದ್ದರೂ ನಿಜಕ್ಕೂ ಶೇ 88ಕ್ಕಿಂತ ಕಡಿಮೆಯಿದ್ದ ಪ್ರಕರಣಗಳು ಬಿಳಿಯ ರೋಗಿಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7 ಎಂದು ಅಮೆರಿಕದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಅಂದರೆ ಸುಮಾರು ಮೂರು ಪಟ್ಟು. ಉಪಕರಣ ಮಾರುಕಟ್ಟೆಗೆ ಬಂದು ದಶಕಗಳಾದ ಮೇಲೆ ಈ ವಿಷಯಕ್ಕೆ ಗಂಭೀರ ಗಮನ ಸಿಕ್ಕಿತು. ಹೆಚ್ಚಿನ ಮೈಬಣ್ಣಗಳವರ ಮೇಲೆ ಪರೀಕ್ಷೆ ನಡೆಸಬೇಕೆಂಬ ಕರಡು ಸೂಚನೆಯನ್ನು ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಹೊರಡಿಸಿದ್ದು 2025ರ ಜನವರಿಯಲ್ಲಿ. ಕ್ಯಾಮೆರಾ ವಿಧಾನ ಆ ತಪ್ಪನ್ನೇ ಮತ್ತೆ ಮಾಡಿದರೆ, ಅದರ ಬೆಲೆ ತೆರಬೇಕಾದವರು ಭಾರತ ಮತ್ತು ಆಫ್ರಿಕಾದ ಮಕ್ಕಳು.

ಕೇಳದೆ ನೋಡುವ ಕಣ್ಣು

ಇನ್ನೊಂದು ಪ್ರಶ್ನೆ ತಂತ್ರಜ್ಞಾನದ ಆಚೆಗಿನದು. ವೈದ್ಯ ಮಣಿಕಟ್ಟು ಹಿಡಿಯಬೇಕಾದರೆ ರೋಗಿ ಕೈ ಚಾಚಬೇಕು. ಆ ಕೈ ಚಾಚುವುದೇ ಒಪ್ಪಿಗೆ. ಸ್ಟೆತೊಸ್ಕೋಪಿಗೂ ಇಸಿಜಿಗೂ ಬೆರಳಿನ ಆಕ್ಸಿಮೀಟರಿಗೂ ಇದೇ ಮಾತು ಅನ್ವಯಿಸುತ್ತದೆ. ತನ್ನ ನಾಡಿಯನ್ನು ಯಾರೋ ಓದುತ್ತಿದ್ದಾರೆಂಬುದು ರೋಗಿಗೆ ಪ್ರತಿ ಸಲವೂ ತಿಳಿದಿರುತ್ತಿತ್ತು. ಕ್ಯಾಮೆರಾಕ್ಕೆ ಕೈ ಚಾಚಬೇಕಾಗಿಲ್ಲ. ಅದರ ಮುಂದೆ ಸುಮ್ಮನೆ ಇದ್ದರೆ ಸಾಕು.

ಬ್ರಿಟನ್ನಿನ ಕೆಲವು ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳ ಮಲಗುವ ಕೋಣೆಗಳಲ್ಲಿಯೇ ಇಂಥ ಕ್ಯಾಮೆರಾಗಳನ್ನು ಅಳವಡಿಸಲಾಯಿತು. ರಾತ್ರಿ ಪದೇ ಪದೇ ಬಾಗಿಲು ತೆರೆದು ಟಾರ್ಚ್ ಹಾಕಿ ಎಬ್ಬಿಸುವ ಬದಲು, ರೋಗಿ ಉಸಿರಾಡುತ್ತಿರುವುದನ್ನು ಹೊರಗಿನಿಂದಲೇ ಖಚಿತಪಡಿಸಿಕೊಳ್ಳಬಹುದೆಂಬುದು ಅದರ ಪರವಾದ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ತಮ್ಮ ಒಪ್ಪಿಗೆಯನ್ನು ಸರಿಯಾಗಿ ಕೇಳಲಿಲ್ಲ, ಸದಾ ಯಾರೋ ನೋಡುತ್ತಿರುವ ಭಯದಲ್ಲಿ ನಿದ್ದೆಯೇ ಬರುವುದಿಲ್ಲ ಎಂದು ರೋಗಿಗಳೂ ಅವರ ಪರ ಸಂಘಟನೆಗಳೂ ಆಕ್ಷೇಪವೆತ್ತಿದರು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ 2025ರ ಫೆಬ್ರುವರಿಯಲ್ಲಿ, ಇಂಥ ಸಾಧನಗಳ ಬಳಕೆಯಲ್ಲಿ ರೋಗಿಯ ಒಪ್ಪಿಗೆಗೆ ಮಹತ್ವ ಕೊಡುವ ಮಾರ್ಗಸೂಚಿಯನ್ನು ಪ್ರಕಟಿಸಬೇಕಾಯಿತು.

ಆಸ್ಪತ್ರೆಯ ಹೊರಗೆ ಈ ಪ್ರಶ್ನೆ ಇನ್ನೂ ಚೂಪಾಗುತ್ತದೆ. ಹೃದಯ ಬಡಿತದ ಏರಿಳಿತದಿಂದ ಮನುಷ್ಯನ ಉದ್ವೇಗವನ್ನು ಊಹಿಸಲು ಹೊರಟವರಿದ್ದಾರೆ. ಕೆಲಸದ ಸಂದರ್ಶನದಲ್ಲಿ ಕುಳಿತ ಹುಡುಗನ ಎದೆ ಡವಗುಟ್ಟುವುದನ್ನು ಎದುರಿನ ಕ್ಯಾಮೆರಾ ಎಣಿಸಿದರೆ? ಕಚೇರಿ ಮತ್ತು ಶಾಲೆಗಳಲ್ಲಿ ದೇಹದ ಇಂಥ ಸಂಕೇತಗಳಿಂದ ಭಾವನೆಗಳನ್ನು ಅಳೆಯುವ ಯಂತ್ರಗಳನ್ನು, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, ಯುರೋಪಿಯನ್ ಒಕ್ಕೂಟ 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬುನಾದಿಯೂ ವ್ಯಕ್ತಿಯ ಒಪ್ಪಿಗೆಯೇ. ಆದರೆ ಕ್ಯಾಮೆರಾ ತನ್ನ ಮುಖವನ್ನಷ್ಟೇ ನೋಡುತ್ತಿದೆಯೆಂದು ನಂಬಿದವನಿಂದ ನಾಡಿಗೂ ಒಪ್ಪಿಗೆ ಪಡೆದಂತಾಯಿತೇ?

ಮುಟ್ಟದೆ ನಾಡಿ ತಿಳಿಯಲು ಮುಖ ನೋಡಲೇಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಡೋಜಿ ಸಂಸ್ಥೆ ರೂಪಿಸಿದ ಹಾಳೆಯಂಥ ಸಾಧನವನ್ನು ಹಾಸಿಗೆಯ ಕೆಳಗೆ ಇಟ್ಟರೆ, ಅದು ದೇಹದ ಸೂಕ್ಷ್ಮ ಕಂಪನಗಳಿಂದಲೇ ಹೃದಯ ಬಡಿತ, ಉಸಿರಾಟಗಳನ್ನು ಗುರುತಿಸುತ್ತದೆ. ಯಾವುದು ಎಲ್ಲಿಗೆ ಸರಿ ಎಂಬುದನ್ನು ವೈದ್ಯರೂ ರೋಗಿಗಳೂ ಕೂಡಿ ತೀರ್ಮಾನಿಸಬೇಕಾದ ಕಾಲ ಇದು.

ದಿನ ತುಂಬದೆ ಹುಟ್ಟಿದ ಮಗುವಿನ ತಾಯಿಗೆ ತೊಟ್ಟಿಲ ಮೇಲಿನ ಕ್ಯಾಮೆರಾ ವರವೇ ಸರಿ. ಮಗುವಿನ ಮೈಯಿಂದ ಒಂದು ಅಂಟುಪಟ್ಟಿ ಕಡಿಮೆಯಾದರೂ ಅದು ಸಣ್ಣ ಉಪಕಾರವಲ್ಲ. ಆದರೆ ಆ ವರ ಎಲ್ಲ ಬಣ್ಣದ ಮಕ್ಕಳಿಗೂ ಒಂದೇ ಅಳತೆಯಲ್ಲಿ ಸಿಗಬೇಕು, ಕೈ ಚಾಚದವರ ನಾಡಿಯನ್ನು ಕದ್ದು ನೋಡಲು ಅದು ಬಳಕೆಯಾಗಬಾರದು. ಹಳೆಯ ಕಥೆಯ ವೈದ್ಯನಿಗೆ ದಾರದ ಆಚೆ ತುದಿಯಲ್ಲಿ ಇರುವುದು ರಾಣಿಯೋ ಬೆಕ್ಕೋ ಎಂಬುದು ಮಾತ್ರ ತಿಳಿಯಬೇಕಿತ್ತು. ಇಂದು ಕ್ಯಾಮೆರಾದ ಮುಂದೆ ಕುಳಿತವನಿಗೆ, ಅದರ ಆಚೆ ತುದಿಯಲ್ಲಿ ಇರುವುದು ವೈದ್ಯನೇ ಹೌದೋ ಅಲ್ಲವೋ ಎಂಬುದು ತಿಳಿಯಬೇಕಾಗಿದೆ.